ಅವ್ವನಿಗೆ ಮಾರ್ಫಿನ್ ಗುಳಿಗೆ ಬರೆದಿದ್ದಾರೆ, ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು?

ರಾಣೆಬೆನ್ನೂರಿನಿಂದ ನೀವು ಬರೆದಿದ್ದು ಇಷ್ಟು: ಅವ್ವನಿಗೆ ಸ್ತನದ ಕ್ಯಾನ್ಸರ್, ಈಗ ಬೆನ್ನೆಲುಬಿಗೂ ಹರಡಿದೆ. ಹುಬ್ಬಳ್ಳಿಯಿಂದ ಡಿಸ್ಚಾರ್ಜ್ ಮಾಡುವಾಗ ಮಾರ್ಫಿನ್ 10 ಮಿಲಿಗ್ರಾಂ ಗುಳಿಗೆ, ನಾಲ್ಕು ತಾಸಿಗೊಮ್ಮೆ ಕೊಡಿ ಎಂದು ಬರೆದುಕೊಟ್ಟರು. ನಿಮ್ಮ ಅಣ್ಣ ‘ಅದು ಅಫೀಮು, ಚಟ ಹತ್ತತೈತಿ, ಅವ್ವ ಲಗೂನ ಹೋಗಿಬಿಡ್ತಾಳ’ ಎನ್ನುತ್ತಾರೆ. ಅದಕ್ಕೇ ನೋವು ತಡೆಯಲಾರದಾಗ ಮಾತ್ರ ಒಂದು ಗುಳಿಗೆ ಕೊಡುತ್ತಿದ್ದೀರಿ. ಮೊದಲೆರಡು ದಿನ ಬಹಳ ಮಲಗಿದರು, ನಾಲ್ಕು ದಿನದಿಂದ ಹೊರಕಡೆ ಆಗಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ವಾರ್ಡಿನ ನರ್ಸ್. ಡೋಸ್ ಹೆಚ್ಚು ಕಡಿಮೆ ಮಾಡುವುದು ನಿಮ್ಮ ಡಾಕ್ಟರ ಕೆಲಸ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಗುಳಿಗೆ ಕೊಡುವ ಕೈ ಏನೇನು ನೋಡಿಕೊಳ್ಳಬೇಕು ಎಂಬುದನ್ನು ಹೇಳುತ್ತೇನೆ.

ಮೊದಲು ಹೊಟ್ಟೆಯ ವಿಷಯ, ಏಕೆಂದರೆ ಇದು ನಾಳೆಗೆ ಬಿಡುವಂಥದ್ದಲ್ಲ. ಮಾರ್ಫಿನ್ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ. ನಿದ್ದೆ, ವಾಕರಿಕೆ ಎಲ್ಲ ಕೆಲವು ದಿನಗಳಲ್ಲಿ ಮೈಗೆ ಒಗ್ಗುತ್ತವೆ, ಮಲಬದ್ಧತೆ ಮಾತ್ರ ಒಗ್ಗುವುದಿಲ್ಲ. ಗುಳಿಗೆ ಇರುವಷ್ಟು ದಿನವೂ ಇರುತ್ತದೆ. ಅದಕ್ಕೇ ಮಾರ್ಫಿನ್ ಬರೆದ ದಿನವೇ ಬಿಸಾಕೊಡಿಲ್ ಅಥವಾ ಲ್ಯಾಕ್ಟುಲೋಸ್‌ನಂಥ ಔಷಧವನ್ನೂ ಬರೆದಿರುತ್ತಾರೆ. ಚೀಟಿ ತೆಗೆದು ನೋಡಿ. ‘ಇದು ಬರೀ ಹೊಟ್ಟಿ ಗುಳಿಗಿ’ ಎಂದು ಪಕ್ಕಕ್ಕಿಟ್ಟವರನ್ನು ಬಹಳ ಜನರನ್ನು ಕಂಡಿದ್ದೇನೆ. ಅದು ಪ್ರತಿ ರಾತ್ರಿಯ ಗುಳಿಗೆ, ಕಟ್ಟಿದ ಮೇಲೆ ತೆಗೆದುಕೊಳ್ಳುವುದಲ್ಲ. ಬಾಳೆಹಣ್ಣು, ಬಿಸಿನೀರು ಕೊಡಿ, ಬೇಡ ಎನ್ನುವುದಿಲ್ಲ, ಆದರೆ ಅವುಗಳಿಂದಲೇ ಆಗುವ ಕೆಲಸ ಇದಲ್ಲ. ನೀರು ಸರಿಯಾಗಿ ಕುಡಿಯದವರಿಗೆ ಇಸಬಗೋಲ್ ಕೊಟ್ಟರೆ ಒಳಗೇ ಗಟ್ಟಿಯಾಗಿ ಕೂರುತ್ತದೆ. ಹರಳೆಣ್ಣೆ ಬೇಡವೇ ಬೇಡ.

ನಾಲ್ಕು ದಿನ ಆಗಿದೆ ಎಂದರೆ ಇಂದೇ ಡಾಕ್ಟರಿಗೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಟ್ಟಿಯಾಗಿ ಕಟ್ಟಿಕೊಂಡಿದೆಯೇ ಎಂದು ಪರೀಕ್ಷೆ ಮಾಡಿ ಎನಿಮಾ ಕೊಡಬೇಕಾಗಬಹುದು. ಹೊಟ್ಟೆ ಉಬ್ಬಿ ವಾಂತಿ ಆಗುತ್ತಿದ್ದರೆ, ಗಾಳಿಯೂ ಹೋಗದಿದ್ದರೆ, ಮನೆಯಲ್ಲಿ ಯಾವ ಭೇದಿ ಔಷಧವನ್ನೂ ಕೊಡದೆ ತಕ್ಷಣ ಹೊರಡಿ. ಇನ್ನೊಂದು: ಇಷ್ಟು ದಿನ ಕಟ್ಟಿದ್ದ ಮೇಲೆ ನೀರಿನಂತೆ ಸ್ವಲ್ಪ ಸ್ವಲ್ಪ ಸೋರತೊಡಗಿದರೆ ಅದನ್ನು ಭೇದಿ ಎಂದುಕೊಳ್ಳಬೇಡಿ. ಗಟ್ಟಿ ಮಲದ ಪಕ್ಕದಿಂದ ತೆಳ್ಳಗಿನದು ಹಾದು ಬರುತ್ತಿರಬಹುದು. ಆಗ ಭೇದಿ ನಿಲ್ಲಿಸುವ ಗುಳಿಗೆ ಕೊಟ್ಟರೆ ತ್ರಾಸು ಇನ್ನೂ ಹೆಚ್ಚು.

ಬೆನ್ನೆಲುಬಿಗೆ ಹರಡಿದೆ ಎಂದಿದ್ದೀರಿ, ಅದಕ್ಕೇ ಇದನ್ನೂ ಇಲ್ಲೇ ಹೇಳುತ್ತೇನೆ. ಬೆನ್ನುನೋವು ಒಮ್ಮೆಲೇ ಹೆಚ್ಚಾಗಿ ಕಾಲಲ್ಲಿ ಶಕ್ತಿ ಇಲ್ಲದಂತಾದರೆ, ಕಾಲು ಜೋಮು ಹಿಡಿದಂತಾದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ, ಅದು ಮಾರ್ಫಿನ್ ಸಾಲದೆ ಆದ ನೋವು ಎಂದು ಕೂರಬೇಡಿ. ಬೆನ್ನುಹುರಿ ಒತ್ತಿಕೊಳ್ಳುತ್ತಿರಬಹುದು. ರಾತ್ರಿಯಾದರೂ ಸರಿ, ಹೊರಟುಬಿಡಿ. ಅಲ್ಲಿ ತಾಸುಗಳ ಲೆಕ್ಕ.

ಈಗ ಗುಳಿಗೆಯ ಮಾತು. ನೋವು ತಡೆಯಲಾರದಾಗ ಮಾತ್ರ ಕೊಡುವುದೇ ನಿಮ್ಮ ಮನೆಯಲ್ಲಿ ಆಗುತ್ತಿರುವ ದೊಡ್ಡ ತೊಂದರೆ ಎಂದು ನನಗನಿಸುತ್ತದೆ. ಸಾದಾ ಮಾರ್ಫಿನ್ ಗುಳಿಗೆ ನುಂಗಿದ ಅರ್ಧ ತಾಸಿಗೆ ಹಿಡಿಯತೊಡಗುತ್ತದೆ, ಸುಮಾರು ನಾಲ್ಕು ತಾಸಿಗೆ ಇಳಿಯುತ್ತದೆ. ನಾಲ್ಕು ತಾಸಿಗೊಮ್ಮೆ ಎಂದು ಬರೆದಿದ್ದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಕೊಡುವ ಕ್ರಮ ಹೇಳಿದಾಗಿನಿಂದ ಗಡಿಯಾರ ನೋಡಿ ಕೊಡಿ ಎಂಬ ಮಾತು ನಡೆದು ಬಂದಿದೆ. ನೋವು ಏರಿದ ಮೇಲೆ ಇಳಿಸಲು ಹೆಚ್ಚು ಔಷಧ ಬೇಕು, ಏರದಂತೆ ಹಿಡಿಯಲು ಕಡಿಮೆ ಸಾಕು. ನಿಮ್ಮ ಅವ್ವ ನರಳಿ, ಬೇಡಿ, ಆಮೇಲೆ ಗುಳಿಗೆ ಪಡೆಯುತ್ತಿದ್ದಾರೆ. ಇಡೀ ದಿನ ಮುಂದಿನ ಗುಳಿಗೆಯ ಮೇಲೇ ಧ್ಯಾನ ಇರುವಂತೆ ಮಾಡುವುದು ಮಾರ್ಫಿನ್ ಅಲ್ಲ, ಈ ಕ್ರಮ.

ಹಾಗಂತ ಈ ಕ್ಷಣದಿಂದಲೇ ಪೂರಾ ಡೋಸ್ ಶುರುಮಾಡಬೇಡಿ. ‘ಹೀಗೆ ಬಿಟ್ಟು ಬಿಟ್ಟು ಕೊಟ್ಟಿದ್ದೇವೆ’ ಎಂದು ಡಾಕ್ಟರಿಗೆ ಮುಚ್ಚುಮರೆ ಇಲ್ಲದೆ ಹೇಳಿ, ಅವರು ಹೇಳಿದಂತೆ ಕೊಡಿ. ಯಾರೂ ಬೈಯುವುದಿಲ್ಲ. ಸಾಮಾನ್ಯವಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಹೊಂದಿಸುತ್ತೇವೆ. ನಡುರಾತ್ರಿ ಎಬ್ಬಿಸುವುದು ಬೇಡವೆಂದು ರಾತ್ರಿ 10ಕ್ಕೆ ಎರಡು ಗುಳಿಗೆ ಕೊಡಲು ಕೆಲವು ಡಾಕ್ಟರು ಹೇಳುತ್ತಾರೆ, ಅವರು ಹೇಳಿದರೆ ಮಾತ್ರ. ನಡುವೆ ನೋವು ಎದ್ದರೆ ಹೆಚ್ಚುವರಿ ಗುಳಿಗೆ ಎಷ್ಟು, ದಿನಕ್ಕೆ ಎಷ್ಟು ಸಲ ಎಂಬುದನ್ನು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಅದನ್ನು ಕೊಟ್ಟರೂ ಮುಂದಿನ ಹೊತ್ತಿನ ಗುಳಿಗೆ ತನ್ನ ಹೊತ್ತಿಗೇ. ಮುಂದೆ 12 ತಾಸಿನ ಗುಳಿಗೆ ಬರೆದರೆ ಅದನ್ನು ಮಾತ್ರ ಪುಡಿ ಮಾಡಬೇಡಿ, ಮುರಿಯಬೇಡಿ. 12 ತಾಸಿಗೆ ಬಿಡಬೇಕಾದದ್ದು ಒಂದೇ ಸಲ ಮೈಗೆ ಸೇರುತ್ತದೆ.

ಒಂದು ನೋಟ್‌ಬುಕ್ ಇಡಿ: ಹೊತ್ತು, ಗುಳಿಗೆ, ನೋವು ಎಷ್ಟು, ಎಚ್ಚರ ಹೇಗಿದೆ, ಹೊರಕಡೆ ಆಯಿತೇ. ನೋವು ಎಷ್ಟು ಎಂದು ಕೇಳುವುದು ನಮ್ಮ ಕಡೆ ಸುಲಭವಲ್ಲ. ಸೊನ್ನೆಯಿಂದ ಹತ್ತು ಎಂದರೆ ವಯಸ್ಸಾದವರು ಸುಮ್ಮನೆ ಮುಖ ನೋಡುತ್ತಾರೆ. ನಾನು ಹಳೆಯ ರೂಪಾಯಿ-ಆಣೆಯ ಲೆಕ್ಕದಲ್ಲಿ ಕೇಳುತ್ತೇನೆ, ಹದಿನಾರಾಣೆ ಎಂದರೆ ಪೂರಾ ಒಂದು ರೂಪಾಯಿ. ‘ಯವ್ವಾ, ಬಂದ ದಿನ ಹದಿನಾರಾಣೆ ಇತ್ತು ಅಂತ ಹಿಡಿ, ಈಗ ಎಷ್ಟಾಣೆ ಉಳದೈತಿ?’ ಎಂದರೆ ತಕ್ಷಣ ಉತ್ತರ: ‘ಆರಾಣೆ ಐತಿ ನೋಡವಾ, ಮಗ್ಗಲಾ ಬದಲಿಸಿದಾಗ ಹತ್ತಾಣೆ ಆಗತೈತಿ.’ ಡಾಕ್ಟರಿಗೆ ಬೇಕಾದದ್ದೆಲ್ಲ ಆ ಒಂದು ಮಾತಿನಲ್ಲಿದೆ. ಇನ್ನು ಕೆಲವರು ಮಕ್ಕಳಿಗೆ ಭಾರವಾಗಬಾರದೆಂದು ‘ಏನಿಲ್ಲ ಬಿಡು’ ಎನ್ನುತ್ತಾರೆ. ಆಗ ಮಾತು ಕೇಳಬೇಡಿ, ಮೈ ನೋಡಿ. ಮಗ್ಗುಲು ಬದಲಿಸುವಾಗ ಹುಬ್ಬು ಗಂಟಿಕ್ಕುತ್ತದೆಯೇ, ಮಂಚದ ಪಟ್ಟಿ ಬಿಗಿಹಿಡಿಯುತ್ತಾರೆಯೇ, ಎದ್ದು ಕೂತು ತಲೆ ಬಾಚಿಸಿಕೊಳ್ಳಲು ಆಗುತ್ತದೆಯೇ.

ನಿದ್ದೆಯ ಬಗ್ಗೆ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಮೊದಲೆರಡು ಮೂರು ದಿನದ ಮಂಪರು ಸಾಮಾನ್ಯ, ನೋವಿನಿಂದ ಎಷ್ಟೋ ರಾತ್ರಿ ಮಲಗದವರ ಬಾಕಿ ನಿದ್ದೆಯೂ ಅದರಲ್ಲಿ ಸೇರಿರುತ್ತದೆ. ಕರೆದರೆ ಕಣ್ಣು ತೆರೆದು ಸರಿಯಾಗಿ ಮಾತಾಡಿದರೆ ಗಾಬರಿ ಬೇಡ. ಮಾತಾಡುತ್ತಾ ಆಡುತ್ತಾ ಅರ್ಧದಲ್ಲೇ ಜೋಂಪು ಹತ್ತಿದರೆ ಮುಂದಿನ ಗುಳಿಗೆ ಕೊಡುವ ಮೊದಲು ಫೋನ್ ಮಾಡಿ. ವಾರ್ಡಿನಲ್ಲಿ ನಾವು ಬಿಪಿಗಿಂತ ಮೊದಲು ನೋಡುವುದು ಇದನ್ನೇ, ಏಕೆಂದರೆ ಉಸಿರು ಕಡಿಮೆಯಾಗುವ ಮೊದಲು ಎಚ್ಚರ ಕಡಿಮೆಯಾಗುತ್ತದೆ. ಉಸಿರು ಎಣಿಸಬೇಕೆಂದರೆ ಎಬ್ಬಿಸದೆ, ಹೊಟ್ಟೆ ಏರಿಳಿಯುವುದನ್ನು ಪೂರಾ ಒಂದು ನಿಮಿಷ ನೋಡಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಇದ್ದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ, ಮಾರ್ಫಿನ್ ತೆಗೆದುಕೊಳ್ಳುತ್ತಿದ್ದಾರೆ ಎಂದು ಮೊದಲೇ ಹೇಳಿ. ಅದನ್ನು ಇಳಿಸುವ ನಾಲಾಕ್ಸೋನ್ ಎಂಬ ಇಂಜೆಕ್ಷನ್ ಇದೆ. ಕಣ್ಣಪಾಪೆ ಸಣ್ಣದಾಗುವುದು ಮಾರ್ಫಿನ್ ತೆಗೆದುಕೊಳ್ಳುವವರಲ್ಲಿ ಇರುವುದೇ, ಅದೊಂದನ್ನೇ ನೋಡಿ ಹೆದರಬೇಡಿ.

ಚೆನ್ನಾಗಿದ್ದವರು ಏಕಾಏಕಿ ಮಂಪರಾದರೆ ಅದಕ್ಕೊಂದು ಕಾರಣ ಇರುತ್ತದೆ. ನೀರು ಕಡಿಮೆಯಾಗಿ ಕಿಡ್ನಿ ಸೋತರೆ ಮಾರ್ಫಿನ್‌ನ ಅಂಶ ಮೈಯಲ್ಲೇ ಉಳಿಯುತ್ತದೆ, ಕೈಕಾಲು ತಟಕ್ಕನೆ ಅದುರತೊಡಗುತ್ತವೆ. ರೇಡಿಯೇಶನ್ ಆಗಿ ಎಲುಬಿನ ನೋವು ಇಳಿದ ಮೇಲೆ ಹಳೆಯ ಡೋಸೇ ಹೆಚ್ಚಾಗುವುದೂ ಉಂಟು. ಅಥವಾ ಯಾರೋ ನಿದ್ದೆ ಬರಲೆಂದು ಆಲ್ಪ್ರಜೋಲಮ್ ಕೊಟ್ಟಿರುತ್ತಾರೆ. ಮನೆಯಲ್ಲಿ ಉಳಿದ ಟ್ರಮಡಾಲ್ ಎಂಬ ನೋವಿನ ಗುಳಿಗೆ, ನಿದ್ದೆ ಗುಳಿಗೆ ಯಾವುದನ್ನೂ ಕೇಳದೆ ಸೇರಿಸಬೇಡಿ. ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗುವುದು ಬೇಡ. ಎಲುಬು ಮೊದಲೇ ಸಡಿಲ ಇದೆ, ಬಿದ್ದರೆ ಮುರಿಯುತ್ತದೆ.

ನಿಮ್ಮ ಅಣ್ಣನಿಗೆ ಹೀಗೆ ಹೇಳಿ. ಅಫೀಮು ಎಂದಿದ್ದು ಸುಳ್ಳಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಮೇಲೆ ಬೆಳೆಯುವ ಗಸಗಸೆ ಗಿಡದ ಅಫೀಮಿನಿಂದಲೇ ಮಾರ್ಫಿನ್ ಬರುತ್ತದೆ. 1985ರ ಮಾದಕವಸ್ತು ಕಾಯ್ದೆ ಇದನ್ನು ಬಿಗಿಯಾಗಿ ಹಿಡಿದಿತ್ತು. ನೋವಿನ ರೋಗಿಗಳಿಗೆ ಸಿಗದೇ ಹೋಗುತ್ತಿದೆ ಎಂದೇ 2014ರಲ್ಲಿ ತಿದ್ದುಪಡಿ ತಂದು ಅಗತ್ಯ ಔಷಧವಾಗಿ ಸಿಗಲು ದಾರಿ ಮಾಡಿದರು. ಮೈಗೆ ರೂಢಿಯಾಗುವುದು ಬೇರೆ, ಚಟ ಬೇರೆ. ರೂಢಿಯಾದ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಬೆವರು, ಮೂಗು ಸೋರುವುದು, ಹೊಟ್ಟೆ ಹಿಂಡುವುದು, ಚಡಪಡಿಕೆ ಎಲ್ಲ ಬರುತ್ತವೆ, ಅದಕ್ಕೇ ನಿಧಾನಕ್ಕೆ ಇಳಿಸುತ್ತೇವೆ. ಚಟ ಎಂದರೆ ನೋವಿಲ್ಲದಿದ್ದರೂ, ಹಾನಿಯಾದರೂ ಬೇಕೆನ್ನುವ ಸೆಳೆತ. ನಿಮ್ಮ ಅವ್ವ ಹೊತ್ತಿಗೆ ಮೊದಲೇ ಕೇಳುತ್ತಿದ್ದರೆ ಬಹುತೇಕ ಅದು ನೋವು. ನೋವಿಗೆ ತಕ್ಕಂತೆ ಅಳೆದು ಕೊಟ್ಟ ಮಾರ್ಫಿನ್ ಆಯುಷ್ಯ ಕಡಿಮೆ ಮಾಡುವುದಿಲ್ಲ. ಅಣ್ಣನ ಭಯಕ್ಕೆ ಸರಿಯಾದ ಜಾಗ ಬೇರೆ ಇದೆ: ಮನೆಯ ಮಕ್ಕಳು, ಹುಡುಗರು, ಬಂದುಹೋಗುವವರು. ಗುಳಿಗೆಯನ್ನು ಟ್ರೆಜರಿಯಲ್ಲಿ, ಅಂದರೆ ಮನೆಯ ಕಬ್ಬಿಣದ ಕಪಾಟಿನಲ್ಲಿ, ಕೀಲಿ ಹಾಕಿಡಿ, ದಿನವೂ ಎಣಿಸಿ. ವಾರ್ಡಿನಲ್ಲಿ ನಾವೂ ಕೀಲಿ ಹಾಕಿದ ಕಪಾಟಿನಲ್ಲಿಟ್ಟು ಒಂದೊಂದಕ್ಕೂ ರಿಜಿಸ್ಟರಿನಲ್ಲಿ ಸಹಿ ಮಾಡುತ್ತೇವೆ. ಆ ಎಣಿಸುವ ಕೆಲಸ ಅಣ್ಣನಿಗೇ ವಹಿಸಿದರೆ ಒಳ್ಳೆಯದು.

ಇದು ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಒಂದು ವಾರದ ಗುಳಿಗೆ ಉಳಿದಿರುವಾಗಲೇ ಬರೆದುಕೊಟ್ಟ ಕಡೆ ಫೋನ್ ಮಾಡಿ, ಯಾವ ದಿನ, ಯಾರು ಬಂದರೆ ಕೊಡುತ್ತಾರೆ, ಯಾವ ಕಾಗದ ತರಬೇಕು ಎಂದು ಕೇಳಿಕೊಂಡೇ ಬಸ್ ಹತ್ತಿ. ನೋಟ್‌ಬುಕ್ ಮತ್ತು ಉಳಿದ ಗುಳಿಗೆಯ ಪಟ್ಟಿ ಎರಡೂ ಜೊತೆಗಿರಲಿ. ಎಲುಬಿನ ನೋವಿಗೆ ರೇಡಿಯೇಶನ್ ಕೊಡಬಹುದೇ ಎಂದು ಅದೇ ಭೇಟಿಯಲ್ಲಿ ಕೇಳಿ.