ಸಸ್ಪೆಂಡ್ ಮಾಡದೆ ಹುಡುಗರನ್ನು ದಾರಿಗೆ ತರುವುದು ಹೇಗೆ?

ನಿಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗರು ಹೊಡೆದಾಡುತ್ತಾರೆ, ಬೆಂಚು ಮುರಿಯುತ್ತಾರೆ, ವಾರಗಟ್ಟಲೆ ಸಸ್ಪೆಂಡ್ ಮಾಡಿದರೂ ಬದಲಾಗುತ್ತಿಲ್ಲ, ಬೇರೆ ದಾರಿ ಇದೆಯಾ ಎಂದು ಕೇಳಿದ್ದೀರಿ. ಇದೆ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ.

ನಮ್ಮಲ್ಲೂ ಮೊದಲು ಅದೇ ಪದ್ಧತಿ ಇತ್ತು. ಅಪ್ಪನನ್ನು ಕರೆಸುವುದು, ಮುಚ್ಚಳಿಕೆ ಬರೆಸುವುದು, ವಾರ ಹೊರಗೆ ಹಾಕುವುದು. ಆ ವಾರ ಹುಡುಗ ಎಲ್ಲಿರುತ್ತಾನೆ ಅಂತ ಯಾರೂ ಕೇಳುತ್ತಿರಲಿಲ್ಲ. ಒಬ್ಬ ಗ್ಯಾರೇಜಿಗೆ ಹೋದ. ಕೈಗೆ ದುಡ್ಡು ಬಂತು, ವಾರ ಹೋಗಿ ತಿಂಗಳಾಯಿತು. ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಾತಿ ಬೇಕು. ಅವನು ಪರೀಕ್ಷೆಗೆ ಕೂರಲೇ ಇಲ್ಲ. ಅದು ನನಗೆ ಇವತ್ತಿಗೂ ಸಂಕಟ.

ಆಮೇಲೆ ನಾವು ಒಂದು ನೋಟ್‌ಬುಕ್ ಇಟ್ಟೆವು. ಗಲಾಟೆ ಆದದ್ದು ಯಾವ ಪೀರಿಯಡ್, ಅದಕ್ಕೆ ಐದು ನಿಮಿಷ ಮುಂಚೆ ಏನಾಗಿತ್ತು, ಇಷ್ಟೇ ಬರೆಯುವುದು. ಎರಡು ವಾರ ಬರೆದರೆ ಸಾಕು. ಒಬ್ಬನ ಗಲಾಟೆಯೆಲ್ಲ ಇಂಗ್ಲಿಷ್ ಪೀರಿಯಡ್‌ನಲ್ಲೇ. "ಎದ್ದು ಓದು" ಅಂದ ಕೂಡಲೇ ಪಕ್ಕದವನಿಗೆ ಗುದ್ದುತ್ತಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ. ಹೊರಗೆ ಕಳಿಸಿದರೆ ಅವನು ಬಯಸಿದ್ದೇ ಸಿಕ್ಕಹಾಗಾಯಿತು, ಅಲ್ವಾ? ಎಲ್ಲರೆದುರು ಓದಿಸುವುದನ್ನು ಬಿಟ್ಟೆವು. ಪ್ರಾರ್ಥನೆಗೆ ಮುಂಚೆ ಇಂಗ್ಲಿಷ್ ಮೇಡಂ ಅವನೊಬ್ಬನನ್ನೇ ಕೂರಿಸಿಕೊಂಡು ಇಪ್ಪತ್ತು ನಿಮಿಷ ಓದಿಸಿದರು. ಆಟದ ಮೈದಾನದ ಜಗಳ ಮುಂದುವರಿಯಿತು, ಆದರೆ ಆ ಪೀರಿಯಡ್ ಶಾಂತವಾಯಿತು.

ಬೆಂಚು ಮುರಿದವನು ಬಡಗಿಯ ಜೊತೆ ನಿಂತು ಮೊಳೆ ಹೊಡೆಯಲಿ. ದುಡ್ಡು ಕಟ್ಟಿಸಿಕೊಂಡರೆ ಶಿಕ್ಷೆ ಆಗುವುದು ಕೂಲಿಗೆ ಹೋಗುವ ಅಪ್ಪನಿಗೆ. ಆದರೆ ಎಲ್ಲರ ಮುಂದೆ ಶೌಚಾಲಯ ತೊಳೆಸುವಂಥದ್ದು ಬೇಡವೇ ಬೇಡ. ಅವಮಾನ ಆದವನು ಇನ್ನೂ ಜಾಸ್ತಿ ಕೆರಳುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಹೊಡೆದಾಟವಾದರೆ ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳಿ. ಏನಾಯ್ತು, ಯಾರಿಗೆ ನೋವಾಯ್ತು, ಈಗ ಏನು ಮಾಡ್ತೀಯ? ಒಟ್ಟಿಗೆ ಕೂರಿಸುವುದು ಏಟು ತಿಂದವನು ಒಪ್ಪಿದರೆ ಮಾತ್ರ.

ಚಾಕು ತಂದಿದ್ದರೆ, ಹೆಣ್ಣುಮಕ್ಕಳಿಗೆ ತೊಂದರೆ ಕೊಟ್ಟಿದ್ದರೆ ಸುಮ್ನೆ ಮಾತುಕತೆ ಅಂತ ಕೂರಬೇಡಿ. ಮೊದಲು ಉಳಿದ ಮಕ್ಕಳ ರಕ್ಷಣೆ. ಲೈಂಗಿಕ ದೌರ್ಜನ್ಯವಾದರೆ, ಮಕ್ಕಳನ್ನು ಅದರಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಯಾರನ್ನಾದರೂ ದೂರ ಇಡಲೇಬೇಕಾದರೆ ಪಾಠ ಕೊಟ್ಟು, ವಾಪಸ್ ಬರುವ ದಿನ ಹೇಳಿ ಕಳಿಸಿ. ನಡುವೆ ಒಂದು ಸಲ ಮನೆಗೆ ಫೋನ್ ಮಾಡಿ.

ಮನೆಯಲ್ಲಿ ಕುಡಿತ, ಹೊಡೆತ ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸಿನ ತೊಳಲಾಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಹುಡುಗರಲ್ಲಿ ಯಾರಾದರೂ ಈಗ ಸಸ್ಪೆಂಡ್ ಆಗಿ ಮನೆಯಲ್ಲಿದ್ದರೆ, ಬರುವ ದಿನ ನೀವೇ ಗೇಟಿನ ಹತ್ತಿರ ನಿಂತಿರಿ. ಮುಚ್ಚಳಿಕೆ ಆಮೇಲೆ ಇರಲಿ, ತಿಂಡಿ ಆಯ್ತಾ ಅಂತ ಮೊದಲು ಕೇಳಿ.