ಭೂಮಿ ಮೇಲೆ ಮನುಷ್ಯನ ಜಾಗ ಯಾವುದು ಅಂತ ಕೇಳಿದ್ದಕ್ಕೆ

ಕವಿತೆ ಬರೆಯೋರಿಗೆ ಭೂಮಿ ಹೆಂಗೆ ಕಾಣುತ್ತೆ, ಅದರಲ್ಲಿ ಮನುಷ್ಯನ ಜಾಗ ಎಲ್ಲಿ ಅಂತ ಕೇಳಿದೀರಿ. ನಾನು ಕವಿತೆ ಬರೀತೀನಿ, ಚಿತ್ರದುರ್ಗದವಳು, ಹಂಗಾಗಿ ನಮ್ಮ ಕಡೆ ಕಲ್ಲು ಮಣ್ಣಿಂದಾನೆ ಹೇಳ್ತೀನಿ.

ಇಲ್ಲೇ ಹತ್ರ ಮರಡಿಹಳ್ಳಿ ಅಂತ ಇದೆ, ಅಲ್ಲಿನ ಬಂಡೆ ನೋಡಿದ್ರೆ ದಿಂಬುಗಳನ್ನ ಒಂದರ ಮೇಲೊಂದು ಒತ್ತಿ ಇಟ್ಟಂಗೆ ಇದಾವೆ. ನೀರೊಳಗೆ ಲಾವಾ ಉಕ್ಕಿದಾಗ ಮೇಲಿನ ಪದರ ತಕ್ಷಣ ಗಟ್ಟಿಯಾಗುತ್ತೆ, ಒಳಗಿಂದು ಇನ್ನೂ ಕುದೀತಿರುತ್ತೆ, ಅದು ಸಿಪ್ಪೆ ಒಡ್ಕೊಂಡು ಇನ್ನೊಂದು ಉಂಡೆಯಾಗಿ ಈಚೆ ಬರುತ್ತೆ, ಹಂಗೆ ಆಗಿದ್ದು ಅವು. ಸುಮಾರು 250 ಕೋಟಿ ವರ್ಷ ಹಳೇವು. ಮಳೆಗೆ ಅಂತ ಮುಗಿಲು ನೋಡ್ಕೊಂಡು ಕೂರೋ ಈ ಬಯಲುಸೀಮೆ ಒಂದು ಕಾಲಕ್ಕೆ ಸಮುದ್ರದ ತಳ! ಅದನ್ನ ನೋಡಿದಾಗಿಂದ "ಭೂಮಿ ಉಳಿಸಿ" ಅನ್ನೋ ಕವಿತೆಗಳ ಜೊತೆ ನಂಗೆ ತಕರಾರಿದೆ. ಭೂಮಿ ಉಳಿಯುತ್ತೆ. ನಾವು ಬದುಕಿರೋದು ಆ ಕಲ್ಲಿನ ಮೇಲಿರೋ ಒಂದೆರಡು ಅಡಿ ಮಣ್ಣಲ್ಲಿ, ಬಿರುಕಲ್ಲಿ ಇಂಗಿರೋ ನೀರಲ್ಲಿ, ನಮ್ಮ ಜಾಗ ಅಷ್ಟೇ, ಹಾಳಾಗ್ತಿರೋದೂ ಅದೇ.

ಬೋರ್ ಕೊರೆಸೋ ಹೊಲದಲ್ಲಿ ಒಂದು ಸಲ ನಿಂತು ನೋಡಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಪಾಯಿಂಟ್ ನೋಡಿರ್ತಾರೆ, ಲಾರಿ ಬಂದು ರಾತ್ರಿಯೆಲ್ಲಾ ಕೊರೆದ್ರೂ ಬರೀ ಬಿಳಿ ಧೂಳು, ಹೊಲದ ಯಜಮಾನ ಮುಖಕ್ಕೆ ಟವೆಲ್ ಕಟ್ಕೊಂಡು ಆ ಪುಡೀನ ಹಿಡಿ ಹಿಡಿ ತಗೊಂಡು ಎಲ್ಲಾದ್ರೂ ಹಸಿ ಇದೆಯಾ ಅಂತ ಹಿಚುಕಿ ನೋಡ್ತಾ ಇರ್ತಾನೆ. ಕಲ್ಲಿಗೆ ಅವನ ಸಾಲ ಗೊತ್ತಿಲ್ಲ.

ಇದೇ ಕಲ್ಲಿನ ಊರಲ್ಲಿ ಕೋಟೆ ಕಾಲದೋರು ಇಳಿಜಾರು ನೋಡಿ ಹೊಂಡ ಕಟ್ಟಿದ್ರು, ಬೆಟ್ಟದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿ ಹೊಂಡಕ್ಕೆ ಬಂದು, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳೀತಿತ್ತು. ಕಲ್ಲನ್ನ ಗೆಲ್ಲೋಕೆ ಹೋಗ್ಲಿಲ್ಲ ಅವರು, ಅದು ಎತ್ತ ವಾಲಿದೆ ಅಂತ ತಿಳ್ಕೊಂಡ್ರು. ನಂಗೆ ಇದಕ್ಕಿಂತ ದೊಡ್ಡ ಕಾವ್ಯ ಕಾಣಲ್ಲ.

ಭೂಮಿತಾಯಿ ಅನ್ನೋದಕ್ಕೆ ನಂದೇನೂ ವಿರೋಧ ಇಲ್ಲ, ಸೀಗೆ ಹುಣ್ಣಿಮೇಲಿ ಪೂಜೆ ಮಾಡಿ ಹೊಲದ ತುಂಬಾ ಚರಗ ಚೆಲ್ಲಿ, ಹಕ್ಕಿಗೂ ಇಲಿಗೂ ಹುಳಕ್ಕೂ ಕೊಟ್ಟು ಆಮೇಲೆ ಊಟಕ್ಕೆ ಕೂರ್ತಾರಲ್ಲ, ಅವರ ಬಾಯಲ್ಲಿ ಆ ಮಾತು ಸರಿಯಾಗಿದೆ. ನಾನಂತೂ ಈಗೀಗ ಇಡೀ ಭೂಮಿ ಬಗ್ಗೆ ಬರೆಯೋದು ಕಮ್ಮಿ ಮಾಡಿದೀನಿ, ಹೊಂಡ, ಬದು, ಕೆರೆ ಹೂಳು ಇವನ್ನೇ ಬರೀತಿದೀನಿ.