ಹಳೆಯ ರೈಲು ಬೋಗಿಗಳಿಗೆ ದುರಸ್ತಿ ಎಷ್ಟರವರೆಗೆ?

ಪ್ರಶ್ನೆ: ಹುಬ್ಬಳ್ಳಿ, ಗದಗ ಕಡೆ ಓಡಾಡುವಾಗ ಪಕ್ಕದ ಹಳಿಗಳ ಮೇಲೆ ಬಣ್ಣ ಮಾಸಿದ ನೀಲಿ ಬೋಗಿಗಳು ಸಾಲಾಗಿ ನಿಂತಿರುವುದನ್ನು ನೋಡುತ್ತೇನೆ. ಕೆಲವಕ್ಕೆ ತುಕ್ಕು ಹಿಡಿದಿದೆ, ಕೆಲವು ಎಲ್ಲೋ ಢಿಕ್ಕಿಯಾಗಿ ಜಖಂಗೊಂಡಂತೆ ಕಾಣುತ್ತವೆ. ಹೊಸ ಮಾದರಿಯ ಕೆಂಪು ಬೋಗಿಗಳು ಬರುತ್ತಿರುವಾಗ ಇವುಗಳನ್ನು ಕಾರ್ಯಾಗಾರಕ್ಕೆ ಒಯ್ದು ಹಣ ಸುರಿದು ದುರಸ್ತಿ ಮಾಡುವುದರಲ್ಲಿ ಅರ್ಥವಿದೆಯೇ? ಎಲ್ಲವನ್ನೂ ಗುಜರಿಗೆ ಹಾಕುವುದು ಒಳ್ಳೆಯದಲ್ಲವೇ?
– ಗದಗ ಜಿಲ್ಲೆಯ ಓದುಗರು

ಉತ್ತರ: ಎಲ್ಲವನ್ನೂ ಗುಜರಿಗೆ ಹಾಕಬೇಕಾಗಿಲ್ಲ, ಆದರೆ ಎಲ್ಲವನ್ನೂ ದುರಸ್ತಿ ಮಾಡಿ ಮತ್ತೆ ವೇಗದ ಪ್ರಯಾಣಿಕರ ಗಾಡಿಗಳಿಗೆ ಜೋಡಿಸುವುದೂ ಸರಿಯಲ್ಲ. ಇದು ಬೋಗಿಯ ವಯಸ್ಸೊಂದನ್ನೇ ನೋಡಿ ತೀರ್ಮಾನಿಸುವ ವಿಷಯವಲ್ಲ. ಅದರ ಉಕ್ಕಿನ ಒಡಲು ಎಷ್ಟು ಗಟ್ಟಿಯಾಗಿದೆ, ಅದು ಯಾವ ವಿನ್ಯಾಸದ್ದು, ದುರಸ್ತಿಯಾದ ಮೇಲೆ ಅದರಿಂದ ಯಾವ ಕೆಲಸ ತೆಗೆದುಕೊಳ್ಳುತ್ತೇವೆ ಎಂಬ ಮೂರನ್ನೂ ಒಟ್ಟಿಗೆ ನೋಡಬೇಕು.

ನೀವು ನೋಡಿದ ನೀಲಿ ಬೋಗಿಗಳು ಬಹುಮಟ್ಟಿಗೆ ಐಸಿಎಫ್ ಮಾದರಿಯವು. ಚೆನ್ನೈನ ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯು ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ಸಹಯೋಗದಲ್ಲಿ ಈ ಮಾದರಿಯನ್ನು ತಯಾರಿಸಲಾರಂಭಿಸಿತು. ಮರದ ಒಡಲಿನ ಹಳೆಯ ಬೋಗಿಗಳಿಗೆ ಹೋಲಿಸಿದರೆ ಅದು ದೊಡ್ಡ ಹೆಜ್ಜೆಯಾಗಿತ್ತು. ತಳದ ಚೌಕಟ್ಟು, ಪಕ್ಕದ ಗೋಡೆಗಳು, ಚಾವಣಿ ಎಲ್ಲವನ್ನೂ ಬೆಸುಗೆ ಹಾಕಿ ಒಂದೇ ಕೊಳವೆಯಂತೆ ಮಾಡಿ, ಭಾರವನ್ನು ಇಡೀ ಒಡಲೇ ಹೊರುವಂತೆ ರೂಪಿಸಿದ್ದು ಅದರ ವಿಶೇಷ. ದೇಶದ ಜನ ಆರು ದಶಕ ಇವುಗಳಲ್ಲೇ ಪ್ರಯಾಣ ಮಾಡಿದ್ದಾರೆ.

ಆದರೆ ಒಡಲೇ ಭಾರ ಹೊರುವ ಈ ರಚನೆಯಲ್ಲಿ ತುಕ್ಕು ಹಿಡಿಯುವುದು ಕೇವಲ ಅಂದಗೆಡುವ ಸಂಗತಿಯಲ್ಲ. ನೀರು ಸೋರುವ ಕಡೆಗಳಲ್ಲೆಲ್ಲ, ಅಂದರೆ ಶೌಚಾಲಯದ ಕೆಳಗೆ, ಬಾಗಿಲುಗಳ ಬಳಿ, ಕಿಟಕಿಗಳ ಕೆಳಗಿನ ತಗಡಿನ ಒಳಮೈಯಲ್ಲಿ, ತಳದ ಉದ್ದನೆಯ ತೊಲೆಗಳಲ್ಲಿ ಉಕ್ಕು ನಿಧಾನವಾಗಿ ತೆಳ್ಳಗಾಗುತ್ತ ಹೋಗುತ್ತದೆ. ಶೌಚದ ನೀರು ನೇರವಾಗಿ ಹಳಿಗಳ ಮೇಲೆ ಬೀಳುತ್ತಿದ್ದ ಕಾಲದಲ್ಲಿ ಈ ಹಾನಿ ಇನ್ನೂ ಹೆಚ್ಚಾಗಿತ್ತು. ಜೈವಿಕ ಶೌಚಾಲಯಗಳು ಬಂದ ಮೇಲೆ ಅದು ಕಡಿಮೆಯಾಗಿದೆ. ಹೊರಗೆ ಹೊಸ ಬಣ್ಣ ಬಳಿದ ಬೋಗಿಯ ತಳದಲ್ಲಿ ಉಕ್ಕು ಸವೆದಿರಬಹುದು, ಬಣ್ಣ ಮಾಸಿ ನಿಂತಿರುವ ಬೋಗಿಯ ಒಡಲು ಗಟ್ಟಿಯಾಗಿಯೇ ಇರಬಹುದು. ಆದ್ದರಿಂದ ನಿಲ್ದಾಣದಲ್ಲಿ ನಿಂತು ಕಣ್ಣಳತೆಯಲ್ಲಿ ಇದನ್ನು ಹೇಳಲಾಗದು.

ಐಸಿಎಫ್ ಬೋಗಿಯೊಂದಕ್ಕೆ ರೈಲ್ವೆ ಇಲಾಖೆ ನಿಗದಿ ಮಾಡಿದ ಆಯಸ್ಸು 25 ವರ್ಷ. ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಓಡುವ ಇಂಥ ಬೋಗಿ ಸಾಮಾನ್ಯವಾಗಿ 18 ತಿಂಗಳಿಗೊಮ್ಮೆ ಕಾರ್ಯಾಗಾರಕ್ಕೆ ಹೋಗಿ ಪೂರ್ಣ ತಪಾಸಣೆ ಮಾಡಿಸಿಕೊಂಡು ಬರಬೇಕು. ರೈಲ್ವೆಯವರು ಇದನ್ನು ಪಿಒಎಚ್ ಎನ್ನುತ್ತಾರೆ. ಇದಲ್ಲದೆ ಆಯಸ್ಸಿನ ನಡುಭಾಗದಲ್ಲಿ, 12ರಿಂದ 15 ವರ್ಷದ ಹೊತ್ತಿಗೆ, ಒಮ್ಮೆ ಭಾರಿ ದುರಸ್ತಿ ನಡೆಯುತ್ತದೆ. ಭೋಪಾಲದ ನಿಶಾತ್‌ಪುರದ ಕಾರ್ಯಾಗಾರವನ್ನು ಈ ಕೆಲಸಕ್ಕಾಗಿಯೇ ಸ್ಥಾಪಿಸಲಾಯಿತು. ಅಲ್ಲಿ ಸೀಟು, ನೆಲಹಾಸು, ವೈರಿಂಗ್ ಎಲ್ಲವನ್ನೂ ಕಿತ್ತು, ಬೋಗಿಯನ್ನು ಬರಿಯ ಉಕ್ಕಿನ ಒಡಲಾಗಿ ಮಾಡಿ, ತುಕ್ಕು ಹಿಡಿದ ಭಾಗಗಳನ್ನು ಕತ್ತರಿಸಿ ಹೊಸ ಉಕ್ಕನ್ನು ಬೆಸೆದು, ಮತ್ತೆ ಎಲ್ಲವನ್ನೂ ಜೋಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಯೋಗ್ಯವಾದ ವೆಚ್ಚ, ಏಕೆಂದರೆ ಅಷ್ಟು ಹಣ ಹಾಕಿದ ಮೇಲೆ ಬೋಗಿಗೆ ಹತ್ತು ವರ್ಷಗಳಷ್ಟು ದುಡಿಮೆ ಇನ್ನೂ ಉಳಿದಿರುತ್ತದೆ.

ಜಖಂಗೊಂಡ ಬೋಗಿಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಎಂಟು ವರ್ಷದ ಬೋಗಿಯ ಪಕ್ಕದ ಗೋಡೆ ನುಜ್ಜುಗುಜ್ಜಾಗಿದ್ದರೆ ಅದಕ್ಕೆ 17 ವರ್ಷದ ಆಯಸ್ಸು ಉಳಿದಿದೆ. ದುರಸ್ತಿಯ ವೆಚ್ಚ ಆ 17 ವರ್ಷಗಳ ಮೇಲೆ ಹಂಚಿಹೋಗುತ್ತದೆ. ಅದೇ ಪೆಟ್ಟು 22 ವರ್ಷದ ಬೋಗಿಗೆ ಬಿದ್ದರೆ ಉಳಿದಿರುವುದು ಮೂರು ವರ್ಷ, ಅಂದರೆ ಎರಡು ಪಿಒಎಚ್‌ಗಳ ಅವಧಿ ಮಾತ್ರ. ಕಾರ್ಯಾಗಾರದಲ್ಲಿ ಅದು ಹಿಡಿದಿಡುವ ಜಾಗ, ನುರಿತ ಬೆಸುಗೆಗಾರರ ಸಮಯ, ಅಷ್ಟು ದಿನ ಗಾಡಿಯೊಂದರಲ್ಲಿ ಒಂದು ಬೋಗಿ ಕಡಿಮೆಯಾಗುವುದು, ಇವೆಲ್ಲವನ್ನೂ ಕೂಡಿಸಿದರೆ ಆ ದುರಸ್ತಿ ಮಾಡದಿರುವುದೇ ಲೇಸು.

ಇಲ್ಲಿಯವರೆಗೆ ಹೇಳಿದ್ದು ಹಣದ ಲೆಕ್ಕ. ಜೀವದ ಲೆಕ್ಕ ಬೇರೆಯೇ ಇದೆ, ಮತ್ತು ಅದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಐಸಿಎಫ್ ಬೋಗಿಗಳನ್ನು ಮೂಲತಃ ಒಂದಕ್ಕೊಂದು ಜೋಡಿಸುತ್ತಿದ್ದದ್ದು ತಿರುಪಿನ ಕೊಂಡಿಯಿಂದ. ಎರಡು ಬದಿಗಳಲ್ಲಿ ಬಫರ್‌ಗಳಿರುತ್ತವೆ. ಗಾಡಿ ರಭಸದಲ್ಲಿ ಹಳಿ ತಪ್ಪಿದಾಗ ಈ ಜೋಡಣೆ ಬಿಟ್ಟುಕೊಂಡು ಬೋಗಿಗಳು ಒಂದರ ಮೇಲೊಂದು ಏರುವ, ಒಂದರೊಳಗೊಂದು ತೂರಿಕೊಳ್ಳುವ ಅಪಾಯ ಹೆಚ್ಚು. ಜರ್ಮನಿಯಿಂದ ಬಂದ, ಬಳಿಕ ಪಂಜಾಬಿನ ಕಪುರ್ತಲದ ಕಾರ್ಖಾನೆಯಲ್ಲಿ ತಯಾರಾಗತೊಡಗಿದ ಎಲ್‌ಎಚ್‌ಬಿ ಬೋಗಿಗಳಿಗೆ, ಅಂದರೆ ನೀವು ಹೇಳಿದ ಹೊಸ ಮಾದರಿಯ ಕೆಂಪು ಬೋಗಿಗಳಿಗೆ, ನಡುವೆ ಬಿಗಿಯಾಗಿ ಕಚ್ಚಿಕೊಳ್ಳುವ ಕೊಂಡಿಯಿದೆ, ಒಂದರ ಮೇಲೊಂದು ಏರುವುದನ್ನು ಅದು ತಡೆಯುತ್ತದೆ. ಅವುಗಳ ಗೋಡೆ, ಚಾವಣಿಗಳು ತುಕ್ಕು ಹಿಡಿಯದ ಉಕ್ಕಿನವು, ಬ್ರೇಕು ಗಾಲಿಯ ಅಂಚನ್ನು ಒತ್ತುವ ಬದಲು ಅಚ್ಚಿಗೆ ಜೋಡಿಸಿದ ಡಿಸ್ಕನ್ನು ಹಿಡಿಯುತ್ತದೆ, ವಿನ್ಯಾಸ ಗಂಟೆಗೆ 160 ಕಿ.ಮೀ. ವೇಗಕ್ಕೆ ಹೊಂದುವಂಥದ್ದು. ಎಲ್‌ಎಚ್‌ಬಿ ಇದ್ದರೆ ಸಾವೇ ಇಲ್ಲ ಎಂದು ಯಾರೂ ಭಾವಿಸಬಾರದು. 2023ರ ಜೂನ್ 2ರಂದು ಒಡಿಶಾದ ಬಹಾನಗಾದಲ್ಲಿ ದುರಂತಕ್ಕೀಡಾದ ಕೋರಮಂಡಲ್ ಎಕ್ಸ್‌ಪ್ರೆಸ್‌ನಲ್ಲಿ ಇದ್ದದ್ದು ಅದೇ ಬೋಗಿಗಳು. ಆದರೂ ಪೆಟ್ಟು ತಾಳುವ ಗುಣದಲ್ಲಿ ಎರಡು ಮಾದರಿಗಳ ನಡುವಿನ ಅಂತರ ನಿಜವಾದದ್ದು.

2012ರಲ್ಲಿ ಅನಿಲ್ ಕಾಕೋಡ್ಕರ್ ನೇತೃತ್ವದ ಸುರಕ್ಷತಾ ಸಮಿತಿಯು ಸಂಪೂರ್ಣವಾಗಿ ಎಲ್‌ಎಚ್‌ಬಿಗೆ ಬದಲಾಗಬೇಕೆಂದು ಶಿಫಾರಸು ಮಾಡಿತು. 2016ರ ನವೆಂಬರ್ 20ರಂದು ಕಾನ್ಪುರದ ಬಳಿ ಪುಖ್ರಾಯಾಂನಲ್ಲಿ ಇಂದೋರ್–ಪಟ್ನಾ ಎಕ್ಸ್‌ಪ್ರೆಸ್ ಹಳಿ ತಪ್ಪಿ ಸುಮಾರು 150 ಜನ ಸತ್ತರು. ಆ ಗಾಡಿಯ ಬೋಗಿಗಳು ಐಸಿಎಫ್ ಮಾದರಿಯವು. ಪೆರಂಬೂರಿನಿಂದ ಆ ಮಾದರಿಯ ಕೊನೆಯ ಬೋಗಿ ಹೊರಬಂದದ್ದು 2018ರ ಜನವರಿಯಲ್ಲಿ. ಶಿಫಾರಸಿಗೂ ತಯಾರಿಕೆ ನಿಂತದ್ದಕ್ಕೂ ನಡುವೆ ಸುಮಾರು ಆರು ವರ್ಷ ಕಳೆಯಿತು. ಆ ವರ್ಷಗಳಲ್ಲಿ ತಯಾರಾದ ಬೋಗಿಗಳಿಗೆ 25 ವರ್ಷದ ಲೆಕ್ಕ ಹಿಡಿದರೆ ಅವುಗಳ ಆಯಸ್ಸು ಮುಗಿಯುವುದು 2037ರಿಂದ 2043ರ ನಡುವೆ. ವಯಸ್ಸಿನಲ್ಲಿ ಎಳೆಯವು, ವಿನ್ಯಾಸದಲ್ಲಿ ಹಳೆಯವು ಆದ ಈ ಬೋಗಿಗಳನ್ನು ಏನು ಮಾಡಬೇಕೆಂಬುದೇ ಇಂದಿನ ನಿಜವಾದ ಪ್ರಶ್ನೆ ಎಂದು ನನಗನ್ನಿಸುತ್ತದೆ. ತುಕ್ಕನ್ನು ಕತ್ತರಿಸಿ ತೆಗೆಯಬಹುದು, ತಗಡನ್ನು ಬದಲಿಸಬಹುದು, ಕೊಂಡಿಯನ್ನೂ ಬದಲಿಸಬಹುದು. ಕೊನೆಯ ವರ್ಷಗಳ ಐಸಿಎಫ್ ಬೋಗಿಗಳಲ್ಲಿ ಹಲವಕ್ಕೆ ಹೊಸ ಕೊಂಡಿಯನ್ನೇ ಅಳವಡಿಸಲಾಗಿತ್ತು. ಆದರೆ ಒಡಲಿನ ಮೂಲ ರಚನೆಯಲ್ಲೇ ಇಲ್ಲದ ಬಲವನ್ನು ಯಾವ ಕಾರ್ಯಾಗಾರವೂ ಆಮೇಲೆ ತುಂಬಲಾರದು.

ಈ ಕಾರಣಕ್ಕಾಗಿಯೇ 2018ರಲ್ಲಿ ‘ಉತ್ಕೃಷ್ಟ’ ಹೆಸರಿನಲ್ಲಿ ಹಳೆಯ ಬೋಗಿಗಳಿಗೆ ಹೊಸ ಬಣ್ಣ, ಎಲ್‌ಇಡಿ ದೀಪ, ಸುಧಾರಿಸಿದ ಶೌಚಾಲಯ ಒದಗಿಸಿದ ಯೋಜನೆಯನ್ನು ನಾನು ಪೂರ್ಣ ಮನಸ್ಸಿನಿಂದ ಮೆಚ್ಚಲಾರೆ. ಸ್ವಚ್ಛವಾದ ಬೋಗಿ ಪ್ರಯಾಣಿಕರ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನವೀಕರಣ ಎಂಬ ಹೆಸರಿನಲ್ಲಿ ಆಗುವ ಕೆಲಸ ಪ್ರಯಾಣಿಕರ ಸುರಕ್ಷತೆಗೆ ಏನನ್ನು ಸೇರಿಸಿತೆಂಬುದನ್ನು ಜನರಿಗೆ ಬಿಡಿಸಿ ಹೇಳಬೇಕು.

ಹಾಗಾದರೆ ಎಲ್ಲವನ್ನೂ ಕೂಡಲೇ ಬದಲಿಸಬಾರದೇ ಎಂದು ನೀವು ಕೇಳಬಹುದು. ಆಸನಗಳ ಲೆಕ್ಕವನ್ನೇ ನೋಡಿ. ಐಸಿಎಫ್ ಸ್ಲೀಪರ್ ಬೋಗಿಯಲ್ಲಿ 72 ಬರ್ತ್, ಎಲ್‌ಎಚ್‌ಬಿಯಲ್ಲಿ 80. ಮೇಲ್ನೋಟಕ್ಕೆ ಇದು ದೊಡ್ಡ ಲಾಭ. ಆದರೆ ಹೊಸ ಬೋಗಿ ಎರಡು ಮೀಟರಿಗೂ ಹೆಚ್ಚು ಉದ್ದ. 24 ಐಸಿಎಫ್ ಬೋಗಿಗಳು ನಿಲ್ಲುತ್ತಿದ್ದ ಪ್ಲಾಟ್‌ಫಾರಂನಲ್ಲಿ 22 ಎಲ್‌ಎಚ್‌ಬಿ ಬೋಗಿಗಳಷ್ಟೇ ಹಿಡಿಯುತ್ತವೆ. ಎಲ್ಲವೂ ಸ್ಲೀಪರ್ ಎಂದುಕೊಂಡರೆ ಒಂದು ಕಡೆ 1,728, ಇನ್ನೊಂದು ಕಡೆ 1,760 ಬರ್ತ್. ಗಾಡಿಯೊಂದಕ್ಕೆ ಹೆಚ್ಚುವುದು ಮೂವತ್ತೆರಡೇ. ಹೊಸ ಬೋಗಿಗಳು ಸಾಕಷ್ಟು ಬರುವ ಮೊದಲೇ ಹಳೆಯವನ್ನು ಕಿತ್ತುಹಾಕಿದರೆ ನಿಂತುಕೊಂಡು, ಬಾಗಿಲಲ್ಲಿ ಜೋತುಬಿದ್ದು ಪ್ರಯಾಣಿಸುವವರ ಸಂಖ್ಯೆ ಹೆಚ್ಚುತ್ತದೆ, ಅದೂ ಪ್ರಾಣಾಪಾಯವೇ. ಆದ್ದರಿಂದ ಗಟ್ಟಿಯಾದ ಐಸಿಎಫ್ ಬೋಗಿಗಳಿಗೆ ದುರಸ್ತಿ ಇನ್ನೂ ಕೆಲವು ವರ್ಷ ಬೇಕಾಗುತ್ತದೆ. ಆದರೆ ಎಕ್ಸ್‌ಪ್ರೆಸ್‌ಗಳಿಂದ ಕಳಚಿದ ಹಳೆಯ ಬೋಗಿಗಳನ್ನು ಸಾಮಾನ್ಯ ಪ್ಯಾಸೆಂಜರ್ ಗಾಡಿಗಳಿಗೆ ಜೋಡಿಸಿ ಕೈತೊಳೆದುಕೊಳ್ಳುವ ಕ್ರಮ ಒಪ್ಪತಕ್ಕದ್ದಲ್ಲ. ಕಡಿಮೆ ದರದ ಟಿಕೆಟ್ ಕೊಂಡವರ ಜೀವಕ್ಕೆ ಕಡಿಮೆ ಬೆಲೆಯಿಲ್ಲ. ಅಂಥ ಗಾಡಿಗಳಲ್ಲಿ ವೇಗದ ಮಿತಿಯನ್ನೂ ತಪಾಸಣೆಯ ಅವಧಿಯನ್ನೂ ಸಡಿಲಿಸದೆ ಪಾಲಿಸಬೇಕು.

ಪ್ರಶ್ನೆ: ಅಪಘಾತದಲ್ಲಿ ಸಿಕ್ಕಿಕೊಂಡ ಬೋಗಿಯನ್ನು ದುರಸ್ತಿ ಮಾಡಿ ಮತ್ತೆ ಓಡಿಸುತ್ತಾರೆಂದು ಕೇಳಿದ್ದೇನೆ. ಅಂಥದರಲ್ಲಿ ಪ್ರಯಾಣ ಸುರಕ್ಷಿತವೇ?
– ದಾವಣಗೆರೆಯ ಓದುಗರು

ಉತ್ತರ: ಪರೀಕ್ಷೆಗಳನ್ನೆಲ್ಲ ಕ್ರಮವಾಗಿ ಮಾಡಿದ್ದರೆ ಸುರಕ್ಷಿತ. ಹಳಿ ತಪ್ಪಿದ ಬೋಗಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಗಾಲಿ ಮತ್ತು ಅಚ್ಚುಗಳನ್ನು. ಅಚ್ಚಿನೊಳಗಿನ ಸಣ್ಣ ಬಿರುಕು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಶ್ರವಣಾತೀತ ತರಂಗಗಳನ್ನು ಹಾಯಿಸಿ ಪರೀಕ್ಷಿಸುತ್ತಾರೆ. ಸಂಶಯವಿದ್ದರೆ ಹೊಸದನ್ನು ಹಾಕುತ್ತಾರೆ. ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ಕೆಲಸ ಮಾಡುತ್ತಿರುವ ಕಾರ್ಖಾನೆ ದೇಶದ ರೈಲುಗಳಿಗೆ ಗಾಲಿ, ಅಚ್ಚುಗಳನ್ನು ಒದಗಿಸುತ್ತಿದೆ. ಆಮೇಲೆ ಒಡಲನ್ನು ಸಮತಟ್ಟಾದ ಆಧಾರಗಳ ಮೇಲಿಟ್ಟು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಎರಡು ಅಳತೆಗಳು ಹೊಂದದಿದ್ದರೆ ಒಡಲು ತಿರುಚಿಕೊಂಡಿದೆ ಎಂದರ್ಥ. ಬೋಗಿಯ ತಳ ಪ್ರಯಾಣಿಕರ ಭಾರಕ್ಕೆ ಜಗ್ಗದಿರಲೆಂದು ನಡುವೆ ತುಸು ಮೇಲಕ್ಕೆ ಉಬ್ಬಿರುವಂತೆ ಮಾಡಿರುತ್ತಾರೆ. ಆ ಉಬ್ಬು ಮಾಯವಾಗಿದ್ದರೂ ಒಡಲು ಸೋತಿದೆ ಎಂದು ತಿಳಿಯಬೇಕು. ಕೊನೆಯ ಗೋಡೆ, ಬಾಗಿಲು, ಪಕ್ಕದ ತಗಡು ಮಾತ್ರ ಜಖಂ ಆಗಿದ್ದರೆ ದುರಸ್ತಿ ಮಾಡಬಹುದು. ತಳದ ಚೌಕಟ್ಟೇ ತಿರುಚಿದ್ದರೆ ವಯಸ್ಸು ಎಷ್ಟೇ ಕಡಿಮೆಯಿದ್ದರೂ ಆ ಬೋಗಿಯನ್ನು ಕೈಬಿಡುವುದು ಉಚಿತ.

ಬೆಂಕಿಗೆ ತುತ್ತಾದ ಬೋಗಿಯ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. 2013ರ ಡಿಸೆಂಬರ್ 28ರ ನಸುಕಿನಲ್ಲಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್‌ನ ಹವಾನಿಯಂತ್ರಿತ ಬೋಗಿಗೆ ಪುಟ್ಟಪರ್ತಿಯ ಬಳಿ ಬೆಂಕಿ ಹೊತ್ತಿ 26 ಜನ ಸತ್ತದ್ದು ಕರ್ನಾಟಕದ ಹಲವರಿಗೆ ನೆನಪಿರಬಹುದು. ಅಂಥ ಶಾಖಕ್ಕೆ ಸಿಕ್ಕ ತೆಳು ಉಕ್ಕು ಸೊಟ್ಟಗಾಗುವುದರ ಜೊತೆಗೆ ಅದರ ಒಳಗುಣವೇ ಬದಲಾಗುತ್ತದೆ, ಬಣ್ಣ ಹೊಡೆದರೆ ಅದು ಮರೆಯಾಗುತ್ತದೆಯೇ ಹೊರತು ಸರಿಹೋಗುವುದಿಲ್ಲ. ಎಲ್‌ಎಚ್‌ಬಿ ಬೋಗಿಗಳ ಪಕ್ಕದ ಗೋಡೆ ಸುಮಾರು 2 ಮಿ.ಮೀ. ದಪ್ಪದ ತುಕ್ಕುರಹಿತ ಉಕ್ಕಿನದು. ಅದನ್ನು ಬೆಸೆಯುವಾಗ ಶಾಖ ಸ್ವಲ್ಪ ಹೆಚ್ಚಾದರೂ ತಗಡು ಅಲೆಯಂತೆ ಏಳುತ್ತದೆ. ಹಳೆಯ ಬೋಗಿಗಳಲ್ಲಿ ಪಳಗಿದ ಬೆಸುಗೆಗಾರರಿಗೂ ಇದಕ್ಕೆ ಬೇರೆಯೇ ತರಬೇತಿ ಬೇಕು. ಈಗಿನ ಹೊಸ ಬೋಗಿಗಳು ಮುಂದೆ ಹಳೆಯವಾದಾಗ ದುರಸ್ತಿ ಎಷ್ಟು ಚೆನ್ನಾಗಿ ಆಗುತ್ತದೆ ಎಂಬುದು ಹುಬ್ಬಳ್ಳಿ, ಮೈಸೂರಿನಂಥ ಕಾರ್ಯಾಗಾರಗಳಲ್ಲಿ ಇಂದು ಕೊಡುವ ತರಬೇತಿಯ ಮೇಲೆ ನಿಂತಿದೆ.

ಪ್ರಶ್ನೆ: ಪ್ರಯಾಣಿಕರ ಸೇವೆಯಿಂದ ತೆಗೆದ ಬೋಗಿಗಳು ಏನಾಗುತ್ತವೆ? ನಾನು ಕುಳಿತ ಬೋಗಿ ಎಷ್ಟು ಹಳೆಯದೆಂದು ತಿಳಿಯುವುದು ಹೇಗೆ?
– ಹಾಸನದ ಓದುಗರು

ಉತ್ತರ: ಒಡಲು ಗಟ್ಟಿಯಾಗಿ ಉಳಿದ ಹಳೆಯ ಐಸಿಎಫ್ ಬೋಗಿಗಳಲ್ಲಿ ಹಲವನ್ನು ಸೀಟು ಕಿತ್ತು, ಕಿಟಕಿಗಳನ್ನು ತಗಡಿನಿಂದ ಮುಚ್ಚಿ, ಕೊನೆಯ ಗೋಡೆಗಳಲ್ಲಿ ಅಗಲವಾದ ಬಾಗಿಲು ಇಟ್ಟು, ಕಾರು ಮುಂತಾದ ವಾಹನಗಳನ್ನು ಸಾಗಿಸುವ ಎನ್‌ಎಂಜಿ ಬೋಗಿಗಳಾಗಿ ಮಾರ್ಪಡಿಸುತ್ತಾರೆ. ಜನ ಕುಳಿತುಕೊಳ್ಳದ ಕೆಲಸಕ್ಕೆ ಹಳೆಯ ಒಡಲನ್ನು ಬಳಸುವ ಈ ಕ್ರಮ ನನಗೆ ಅತ್ಯಂತ ವಿವೇಕದ್ದಾಗಿ ಕಾಣುತ್ತದೆ. ಕೆಲವು ಹಳಿ ಕೆಲಸಗಾರರ ತಂಗುದಾಣವಾಗುತ್ತವೆ, ಕೆಲವು ಅಪಘಾತ ಪರಿಹಾರ ಗಾಡಿಗಳನ್ನು ಸೇರುತ್ತವೆ, ಕೆಲವು ನಿಲ್ದಾಣದ ಆವರಣದಲ್ಲಿ ಹೋಟೆಲುಗಳಾಗಿವೆ. 2020ರಲ್ಲಿ ಕೋವಿಡ್ ರೋಗಿಗಳಿಗಾಗಿ 5,000ಕ್ಕೂ ಹೆಚ್ಚು ಬೋಗಿಗಳನ್ನು ಪ್ರತ್ಯೇಕ ವಾಸದ ಕೋಣೆಗಳಾಗಿ ಸಿದ್ಧಪಡಿಸಲಾಗಿತ್ತು. ಉಳಿದವು ಹರಾಜಿನಲ್ಲಿ ಗುಜರಿಗೆ ಹೋಗುತ್ತವೆ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿರುವ 1899ರ ಮಹಾರಾಣಿ ಸಲೂನಿನಂಥವನ್ನು ದುರಸ್ತಿ ಮಾಡುವುದು ಇತಿಹಾಸಕ್ಕಾಗಿ. ಅಲ್ಲಿ ವೆಚ್ಚವನ್ನು ಈ ಬಗೆಯಲ್ಲಿ ಲೆಕ್ಕ ಹಾಕಬಾರದು.

ಬೋಗಿಯ ವಯಸ್ಸನ್ನು ತಿಳಿಯುವುದು ಸುಲಭ. ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆಯ ಮೊದಲ ಎರಡು ಅಂಕಿಗಳು ಸಾಮಾನ್ಯವಾಗಿ ಅದು ತಯಾರಾದ ವರ್ಷವನ್ನು ಹೇಳುತ್ತವೆ: 04ರಿಂದ ಆರಂಭವಾದರೆ 2004, 17ರಿಂದ ಆರಂಭವಾದರೆ 2017. ಬೋಗಿಯ ಕೊನೆಯ ಗೋಡೆಯ ಮೇಲೆ ಹಿಂದಿನ ಪಿಒಎಚ್ ಆದ ದಿನಾಂಕ, ಮಾಡಿದ ಕಾರ್ಯಾಗಾರ ಮತ್ತು ಮತ್ತೆ ಅಲ್ಲಿಗೆ ಮರಳಬೇಕಾದ ದಿನಾಂಕವನ್ನು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ. ಮರಳುವ ದಿನಾಂಕ ದಾಟಿಹೋದ ಬೋಗಿ ಇನ್ನೂ ಗಾಡಿಯಲ್ಲಿ ಓಡುತ್ತಿರುವುದು ಕಂಡರೆ ಬೋಗಿಯ ಸಂಖ್ಯೆ, ಗಾಡಿಯ ಸಂಖ್ಯೆಗಳನ್ನು ಬರೆದುಕೊಂಡು 139ಕ್ಕೆ ಕರೆ ಮಾಡಿ ದೂರು ಕೊಡಿ.